ಉಬ್ಬಸಕ್ಕೆ ಲೇಬಲ್ ಇಲ್ಲದ ಪುಡಿ ಕೊಟ್ಟರೆ ತಗೋಬೇಡಿ

ಉಬ್ಬಸಕ್ಕೆ "ಶುದ್ಧ ನಾಟಿ ಔಷಧ" ಅಂತ ಪುಡಿ ಪೊಟ್ಟಣ ಕಟ್ಟಿಕೊಡುವವರು ನಿಮ್ಮ ಕಡೆಯೂ ಇರಬಹುದು. ನಮ್ಮಮ್ಮ ಅದನ್ನು ತಿಂಗಳುಗಟ್ಟಲೆ ತಗೊಂಡರು. ಪೊಟ್ಟಣದ ಮೇಲೆ ಹೆಸರಿಲ್ಲ, ಒಳಗೆ ಏನಿದೆ ಅಂತಿಲ್ಲ, ಲೈಸೆನ್ಸ್ ನಂಬರ್ ಇಲ್ಲ. ಷರತ್ತು ಮಾತ್ರ ಇತ್ತು: ಇನ್ಹೇಲರ್ ಮುಟ್ಟಬಾರದು.

ಅಮ್ಮನಿಗೆ ಬೇಕಾಗಿದ್ದೂ ಅದೇ. ಪಂಪ್ ಹಿಡಿದರೆ ಸಾಯೋವರೆಗೂ ಬಿಡೋಕಾಗಲ್ಲ, ಅದರಲ್ಲಿ ಸ್ಟೀರಾಯ್ಡ್ ಇರುತ್ತೆ ಅನ್ನೋ ಭಯ. ಪುಡಿ ಶುರುಮಾಡಿದ ಕೆಲವೇ ದಿನಕ್ಕೆ ಎದೆಯ ಸುಯ್ ಸುಯ್ ನಿಂತಿತು. ಹಸಿವು ಜಾಸ್ತಿಯಾಯಿತು. ಮುಖ ದುಂಡಗಾಯಿತು, "ಈಗ ಮೈ ಹಿಡಿಸ್ತಿದೆ" ಅಂತ ನೆಂಟರೆಲ್ಲ ಖುಷಿಪಟ್ಟರು. ಆಮೇಲೆ ಶುಗರ್ ಬಂತು. ಸ್ವಲ್ಪ ತಾಗಿದರೂ ಚರ್ಮ ನೀಲಿಗಟ್ಟುತ್ತಿತ್ತು.

ಒಂದು ಸಲ ಪುಡಿಯವನು ಊರಲ್ಲಿರಲಿಲ್ಲ. ಪೊಟ್ಟಣ ಖಾಲಿಯಾಗಿ ಕೆಲವು ದಿನಕ್ಕೆ ವಾಂತಿ, ಎದ್ದು ಕೂರಲಾಗದ ಸುಸ್ತು, ಬಿಪಿ ಪಾತಾಳಕ್ಕೆ, ಜೊತೆಗೆ ಉಬ್ಬಸ. ಆಸ್ಪತ್ರೆಯಲ್ಲಿ ರಕ್ತದ ಕಾರ್ಟಿಸೋಲ್ (ಮೈಯೇ ತಯಾರಿಸುವ ಸ್ಟೀರಾಯ್ಡ್) ನೋಡಿದರೆ ತೀರಾ ಕಡಿಮೆ. ಪುಡಿಯಲ್ಲಿ ಸ್ಟೀರಾಯ್ಡ್ ಮಾತ್ರೆ ಅರೆದು ಬೆರೆಸಿರಬೇಕು ಅಂದರು ಡಾಕ್ಟರು. ಹೊರಗಿನಿಂದ ದಿನಾ ಸ್ಟೀರಾಯ್ಡ್ ಸಿಕ್ಕರೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಪಾಲಿನದನ್ನು ತಯಾರಿಸುವುದು ಬಿಡುತ್ತದಂತೆ. ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಪುಡಿಯವನನ್ನು ಕೇಳಿದ್ದಕ್ಕೆ, "ಪಥ್ಯ ಸರಿಯಾಗಿ ಮಾಡಿಲ್ಲ" ಅಂದ!

ಸಿಟ್ಟು ಬರೋದು ಇಲ್ಲಿ. ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್ ಇನ್ಹೇಲರ್‌ನ ಒಂದು ಪಫ್ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ, ನೇರ ಶ್ವಾಸನಾಳಕ್ಕೆ. ಪ್ರೆಡ್ನಿಸೊಲೋನ್‌ನ 5 ಮಿಲಿಗ್ರಾಂ ಸ್ಟೀರಾಯ್ಡ್ ಮಾತ್ರೆ ಅಂದರೆ 5000 ಮೈಕ್ರೋಗ್ರಾಂ, ಇಡೀ ಮೈಗೆ. ಔಷಧ ಬೇರೆ ಬೇರೆ, ಸರಿ. ಆದರೂ ಯಾವುದಕ್ಕೆ ಹೆದರಬೇಕಿತ್ತು, ಅಲ್ವಾ?

ಅಮ್ಮ ಈಗ ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಕೊಳವೆ) ಹಾಕಿ ಇನ್ಹೇಲರ್ ತಗೊಳ್ಳುತ್ತಾರೆ, ಆಮೇಲೆ ಬಾಯಿ ಮುಕ್ಕಳಿಸುತ್ತಾರೆ. ಉಬ್ಬಸ ಇಲ್ಲದ ದಿನವೂ ಬಿಡುವುದಿಲ್ಲ, ಯಾಕೆಂದರೆ ಒಳಗಿನ ಊತ ದಮ್ಮು ಕಟ್ಟಿದಾಗ ಮಾತ್ರ ಇರುವಂಥದ್ದಲ್ಲ. ನೀಲಿ ಪಂಪ್ (ದಮ್ಮು ಕಟ್ಟಿದಾಗ ಎಳೆಯುವ ಇನ್ಹೇಲರ್) ಒಂದನ್ನೇ ನಂಬಿಕೊಂಡವರೂ ಇದನ್ನು ಡಾಕ್ಟರ ಹತ್ತಿರ ಮಾತಾಡಿ. ಅದು ನಾಳವನ್ನು ಹಿಗ್ಗಿಸುತ್ತೆ, ಊತ ಇಳಿಸಲ್ಲ.

ಇಂಥ ಪುಡಿ ಈಗಾಗಲೇ ತಗೊಳ್ಳುತ್ತಿದ್ದರೆ ಇದನ್ನು ಓದಿ ಇವತ್ತೇ ನಿಲ್ಲಿಸಿಬಿಡಬೇಡಿ. ಪೊಟ್ಟಣ ಸಮೇತ ತಕ್ಷಣ ಡಾಕ್ಟರನ್ನು ನೋಡಿ, ನಾಚಿಕೆ ಬೇಡ. ಅವರು ಸ್ಟೀರಾಯ್ಡ್ ಮಾತ್ರೆ ಕೊಟ್ಟು, ಡೋಸನ್ನು ಮೆಲ್ಲಗೆ ಇಳಿಸುತ್ತಾರೆ. ಅಮ್ಮನಿಗೆ ಅದಕ್ಕೇ ತಿಂಗಳುಗಳು ಹಿಡಿದವು. ಒಂದು ಪೊಟ್ಟಣ ಎತ್ತಿಟ್ಟುಕೊಳ್ಳಿ, ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡುವಾಗ ಬೇಕಾಗುತ್ತದೆ.