ಮೊದಲ ಲ್ಯಾಪ್‌ಟಾಪ್: ಸ್ನ್ಯಾಪ್‌ಡ್ರ್ಯಾಗನ್, ಮ್ಯಾಕ್‌ಬುಕ್, ಇಂಟೆಲ್–ಎಎಂಡಿ, ಹಳೇ ಥಿಂಕ್‌ಪ್ಯಾಡ್ – ಯಾವ ಕೋರ್ಸಿಗೆ ಯಾವುದು?

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಾಗಲಿ, ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ, ಅಂಗಡಿಯವರು ಮೊದಲು ಕೇಳುವುದು "ಬಜೆಟ್ ಎಷ್ಟು ಸಾರ್?" ಅಂತ. ಕೇಳಬೇಕಾದ್ದು "ಯಾವ ಕೋರ್ಸು, ಲ್ಯಾಬಿನಲ್ಲಿ ಯಾವ ಸಾಫ್ಟ್‌ವೇರ್?" ಅಂತ. ಕೆಲವು ವರ್ಷದ ಹಿಂದೆ ಈ ಪ್ರಶ್ನೆ ಬಿಟ್ಟರೂ ನಡೆಯುತ್ತಿತ್ತು. ಕಪಾಟಿನಲ್ಲಿದ್ದ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಹೆಚ್ಚುಕಮ್ಮಿ ಎಲ್ಲದರೊಳಗೂ ಇಂಟೆಲ್ ಅಥವಾ ಎಎಂಡಿ ಚಿಪ್ಪೇ ಇರುತ್ತಿತ್ತು. 2024ರ ಜೂನ್‌ನಿಂದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ಪಿನವೂ ಅವುಗಳ ಪಕ್ಕದಲ್ಲೇ ಕೂತಿವೆ. ಅದೇ ಕಂಪನಿ, ಅದೇ ಕೀಬೋರ್ಡು, ಅದೇ ವಿಂಡೋಸ್ 11. ವ್ಯತ್ಯಾಸ ಗೊತ್ತಾಗುವುದು ಮೊದಲ ಸೆಮಿಸ್ಟರಿನ ಲ್ಯಾಬ್ ಶುರುವಾದಾಗ.

ನಾಲ್ಕು ಬಗೆಯ ಲ್ಯಾಪ್‌ಟಾಪನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿದೆವು: ಬ್ರೌಸರಿನಲ್ಲಿ ಹತ್ತಿಪ್ಪತ್ತು ಟ್ಯಾಬ್, ವರ್ಡ್–ಎಕ್ಸೆಲ್, ಸಿ ಮತ್ತು ಪೈಥಾನ್ ಲ್ಯಾಬ್, ಕನ್ನಡ ಟೈಪಿಂಗ್, ಸೆಮಿನಾರ್ ಹಾಲಿನ ಪ್ರೊಜೆಕ್ಟರು, ಜೆರಾಕ್ಸ್ ಅಂಗಡಿಯ ಪ್ರಿಂಟು. ವೇಗದಲ್ಲಿ ನಾಲ್ಕೂ ಪಾಸು. ಫೇಲಾಗುವುದು ಎರಡೇ ಕಡೆ. ಒಂದು, ಡ್ರೈವರ್, ಅಂದರೆ ಪ್ರಿಂಟರಿನಂಥ ಸಾಧನವನ್ನು ವಿಂಡೋಸಿಗೆ ಹೊಂದಿಸುವ ಸಣ್ಣ ಪ್ರೋಗ್ರಾಂ. ಇನ್ನೊಂದು, ವಿಂಡೋಸ್ ಮೇಲೆ ಇಂಟೆಲ್–ಎಎಂಡಿಗೇ ಅಂತ ಬರೆದ ದೊಡ್ಡ ಸಾಫ್ಟ್‌ವೇರ್.

ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್

ಇದು ಮೊಬೈಲಿನಲ್ಲಿರುವಂಥ ಎಆರ್‌ಎಂ ಜಾತಿಯ ಚಿಪ್ಪು. ಇಂಟೆಲ್‌ಗೆ ಬರೆದ ಪ್ರೋಗ್ರಾಂ ಇದರ ಮೇಲೆ ನೇರವಾಗಿ ಓಡುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಬಂದ ಪ್ರಿಸಂ ಎಂಬ ಎಮ್ಯುಲೇಟರ್ ನಡುವೆ ದುಭಾಷಿಯ ಹಾಗೆ ನಿಂತು ಓಡಿಸುತ್ತದೆ. ಸಾಮಾನ್ಯ ಪ್ರೋಗ್ರಾಮುಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಕ್ರೋಮ್, ಆಫೀಸ್, ಜೂಮ್, ವಿಎಲ್‌ಸಿ ಇವಕ್ಕೆಲ್ಲ ಎಆರ್‌ಎಂಗೇ ಮಾಡಿದ ಆವೃತ್ತಿ ಇವೆ. ಯಾವುದು ನೇರ ಓಡುತ್ತಿದೆ, ಯಾವುದು ದುಭಾಷಿಯ ಮೂಲಕ ಅಂತ ನೋಡಬೇಕಾದರೆ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಟ್ಯಾಬಿನಲ್ಲಿ ಆರ್ಕಿಟೆಕ್ಚರ್ ಎಂಬ ಕಾಲಂ ಸೇರಿಸಿಕೊಳ್ಳಿ.

ಆದರೆ ಪ್ರಿಸಂ ಡ್ರೈವರುಗಳನ್ನು ಮುಟ್ಟುವುದಿಲ್ಲ. ಪ್ರಿಂಟರ್, ಸ್ಕ್ಯಾನರ್, ಮೈಕ್ರೋಕಂಟ್ರೋಲರ್ ಬೋರ್ಡ್, ಲೈಸೆನ್ಸ್ ಡಾಂಗಲ್ (ಸಾಫ್ಟ್‌ವೇರ್ ತೆರೆಯಲು ಚುಚ್ಚುವ ಯುಎಸ್‌ಬಿ ಕೀಲಿ), ಇವುಗಳ ಡ್ರೈವರ್ ಎಆರ್‌ಎಂ64ಗೇ ಬರೆದಿರಬೇಕು. ಇಲ್ಲದಿದ್ದರೆ ಇನ್‌ಸ್ಟಾಲೇ ಆಗುವುದಿಲ್ಲ, ಯಾವ ಸೆಟ್ಟಿಂಗ್ ತಿರುಗಿಸಿದರೂ ಅಷ್ಟೇ. ಹೊಸ ವೈಫೈ ಪ್ರಿಂಟರುಗಳು ವಿಂಡೋಸಿನದೇ ಡ್ರೈವರಿನಲ್ಲಿ ನಡೆಯುತ್ತವೆ. ಮನೆಯಲ್ಲಿರುವ ಹಳೆಯ ಯುಎಸ್‌ಬಿ ಲೇಸರ್ ಪ್ರಿಂಟರನ್ನು ನಂಬಬೇಡಿ. ಎಲೆಕ್ಟ್ರಾನಿಕ್ಸ್ ಓದುವವರಿಗೆ ಇದು ದೊಡ್ಡ ತೊಡಕು. ಬೋರ್ಡು ಮಾರುವವರು "ವಿಂಡೋಸ್ 11ರಲ್ಲಿ ನಡೆಯುತ್ತೆ" ಅಂದರೆ ಸಾಲದು, ಎಆರ್‌ಎಂ64 ಡ್ರೈವರ್ ಇದೆಯೇ ಅಂತಲೇ ಕೇಳಬೇಕು.

ಆಂಡ್ರಾಯ್ಡ್ ಸ್ಟುಡಿಯೋ (ಆ್ಯಪ್ ಬರೆಯಲು), ಮ್ಯಾಟ್‌ಲ್ಯಾಬ್ (ಲೆಕ್ಕಾಚಾರಕ್ಕೆ), ಸಾಲಿಡ್‌ವರ್ಕ್ಸ್ (ಮೆಕ್ಯಾನಿಕಲ್ ಡ್ರಾಯಿಂಗಿಗೆ), ವಿವಾಡೋ (ಚಿಪ್ ವಿನ್ಯಾಸಕ್ಕೆ) ಇವುಗಳ ಕಂಪನಿಗಳು ವಿಂಡೋಸ್ ಕಡೆ ಕೇಳುವುದು ಇಂಟೆಲ್–ಎಎಂಡಿ ಚಿಪ್ಪನ್ನೇ. ಒಂದೆರಡು ಹೇಗೋ ತೆರೆದುಕೊಳ್ಳಬಹುದು. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಕೈಕೊಟ್ಟರೆ ಕಂಪನಿ ಜವಾಬ್ದಾರಿ ಹೊರುವುದಿಲ್ಲ. ಪೈಥಾನಿನಲ್ಲಿ ಇನ್ನೊಂದು ಸಣ್ಣ ಗುಂಡಿ ಇದೆ. ಎಆರ್‌ಎಂ ಆವೃತ್ತಿಯ ಪೈಥಾನ್ ಹಾಕಿಕೊಂಡರೆ ಕೆಲವು ಲೈಬ್ರರಿಗಳು ತಯಾರು ಪೊಟ್ಟಣ ಸಿಗದೆ ಕಂಪೈಲ್ ಮಾಡಲು ಹೊರಟು, ಕಂಪೈಲರ್ ಇಲ್ಲವೆಂದು ಕೆಂಪು ಅಕ್ಷರದಲ್ಲಿ ನಿಲ್ಲುತ್ತವೆ. ಅಂಥ ಹೊತ್ತಲ್ಲಿ ಅದನ್ನು ತೆಗೆದು ಎಕ್ಸ್64, ಅಂದರೆ ಇಂಟೆಲ್–ಎಎಂಡಿಗೆ ಮಾಡಿದ ಪೈಥಾನ್ ಹಾಕಿ. ಪ್ರಿಸಂ ಮೂಲಕ ಓಡುತ್ತದೆ, ಲ್ಯಾಬ್ ಮಟ್ಟದ ಕೆಲಸಕ್ಕೆ ನಿಧಾನ ಅನ್ನಿಸುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಬ್ಯಾಟರಿ ವಿಷಯದಲ್ಲಿ ಇದನ್ನು ಹೊಗಳಲೇಬೇಕು. ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಮೈಸೂರಿನ ಕಾಲೇಜಿಗೆ ಬರುವವರು ಚಾರ್ಜರ್ ಮನೆಯಲ್ಲೇ ಬಿಟ್ಟು ಬರಬಹುದು. ಮುಚ್ಚಿಟ್ಟರೆ ಬ್ಯಾಗಿನಲ್ಲಿ ಬಿಸಿಯಾಗುವುದಿಲ್ಲ, ಚಾರ್ಜ್ ಸೋರುವುದಿಲ್ಲ, ಪ್ಲಗ್ ತೆಗೆದ ಕೂಡಲೇ ನಿಧಾನವೂ ಆಗುವುದಿಲ್ಲ.  ಕೋಪೈಲಟ್ ಪ್ಲಸ್ ಎಂಬ ಮೈಕ್ರೋಸಾಫ್ಟಿನ ಎಐ ಸ್ಟಿಕ್ಕರಿನ ನಿಯಮದಿಂದಾಗಿ 16 ಜಿಬಿ ರ‍್ಯಾಮ್ ಕಡ್ಡಾಯವಾಗಿದ್ದೂ ಒಳ್ಳೆಯದೇ ಆಯಿತು. ಅದೇ ಸ್ಟಿಕ್ಕರಿನ 40 ಟಾಪ್ಸ್ (ಎಐ ಕೆಲಸದ ವೇಗದ ಅಳತೆ) ಲೆಕ್ಕಕ್ಕೆ ಮರುಳಾಗಬೇಡಿ, ಡಿಗ್ರಿಯ ಲ್ಯಾಬುಗಳಲ್ಲಿ ಅದನ್ನು ಮುಟ್ಟುವ ಕೆಲಸ ಕಡಿಮೆ.

ಕನ್ನಡ ಟೈಪಿಂಗ್

ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡುವವರು, ಬಿ.ಇಡಿ. ಓದುವವರು ಇದನ್ನು ಬಿಟ್ಟು ಮುಂದೆ ಹೋಗಬಾರದು. ಬೇರೆ ಪ್ರೋಗ್ರಾಮುಗಳ ಒಳಗೆ ಹೊಕ್ಕು ಕೀಲಿಗಳನ್ನು ಬದಲಿಸುವ ಟೈಪಿಂಗ್ ಉಪಕರಣಗಳು ಎಆರ್‌ಎಂ ವಿಂಡೋಸಿನಲ್ಲಿ ಎಆರ್‌ಎಂಗೇ ತಯಾರಾಗಿರಬೇಕು. ನುಡಿ, ಬರಹದ ಹಳೆಯ ಆವೃತ್ತಿಗಳು ಇಂಟೆಲ್ ಕಾಲದವು. ಅಂಥವು ತೆರೆದುಕೊಂಡರೂ ವರ್ಡ್ ಒಳಗೆ ಕೀಲಿ ಒತ್ತಿದರೆ ಇಂಗ್ಲಿಷೇ ಬೀಳುವ ಸಾಧ್ಯತೆ ಇರುತ್ತದೆ. ಇದಕ್ಕೆ ಮದ್ದು ವಿಂಡೋಸಿನೊಳಗೇ ಇದೆ. ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್ ಎಂಬ ದಾರಿಯಲ್ಲಿ ಹೋಗಿ ಕನ್ನಡ ಸೇರಿಸಿ. ಇನ್‌ಸ್ಕ್ರಿಪ್ಟ್ ಜೊತೆಗೆ ಫೊನೆಟಿಕ್ ಕೀಬೋರ್ಡೂ ಸಿಗುತ್ತದೆ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಕೆ.ಪಿ. ರಾವ್ ವಿನ್ಯಾಸದಲ್ಲೇ ಬೆರಳು ಪಳಗಿದವರಿಗೆ ಇದರಿಂದ ಸಮಾಧಾನವಿಲ್ಲ. ಅವರಿಗೆ ಇಂಟೆಲ್–ಎಎಂಡಿ ಯಂತ್ರದಲ್ಲಿ ನುಡಿ ಹಾಕಿಕೊಳ್ಳುವುದೇ ಸುಲಭ. ಲಿನಕ್ಸಿನಲ್ಲಾದರೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಜೊತೆ ಎಂ17ಎನ್ ಪೊಟ್ಟಣ ಹಾಕಿದರೆ ಇದೇ ವಿನ್ಯಾಸ ಕೆಜಿಪಿ ಎಂಬ ಹೆಸರಿನಲ್ಲಿ ಬರುತ್ತದೆ. ಮ್ಯಾಕಿನಲ್ಲಿ ಕನ್ನಡದ ಸ್ವಂತ ಕೀಬೋರ್ಡುಗಳಿವೆ, ಅಕ್ಷರಗಳೂ ಅಚ್ಚುಕಟ್ಟು, ಆದರೆ ನುಡಿಯ ಹಳೆಯ ಆನ್ಸಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಮಾಡಿದ ಡಿಟಿಪಿ ಕಡತ ಕೊಟ್ಟರೆ ಫಾಂಟ್ ಹಾಕಿಕೊಳ್ಳುವವರೆಗೆ ಕಾಣುವುದು ಬರೀ ಕಸ. ಗೈಡ್ ಹತ್ತಿರ ಮೊದಲೇ ಕೇಳಿ: ಪ್ರಬಂಧ ಯೂನಿಕೋಡಿನಲ್ಲಿ ಬೇಕೋ ನುಡಿ ಫಾಂಟಿನಲ್ಲೋ?

ಮ್ಯಾಕ್‌ಬುಕ್ ಏರ್

ಆ್ಯಪಲ್‌ನ ಎಂ4 ಚಿಪ್ಪಿನ ಏರ್ 2025ರ ಮಾರ್ಚಿನಲ್ಲಿ 99,900 ರೂಪಾಯಿಗೆ ಬಂತು, ವಿದ್ಯಾರ್ಥಿಗಳಿಗೆ 89,900. 16 ಜಿಬಿ ರ‍್ಯಾಮ್, 256 ಜಿಬಿ ಜಾಗ, ತೂಕ 1.24 ಕೆಜಿ, ಫ್ಯಾನ್ ಇಲ್ಲ. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಬಜೆಟ್ ಮುಟ್ಟಿದರೆ ಇದಕ್ಕಿಂತ ನೆಮ್ಮದಿಯ ಯಂತ್ರ ಕಾಣೆವು. ಆಂಡ್ರಾಯ್ಡ್ ಸ್ಟುಡಿಯೋ ನೇರ ಓಡುತ್ತದೆ, ಮ್ಯಾಟ್‌ಲ್ಯಾಬ್ 2023ರ ಬಿ ಆವೃತ್ತಿಯಿಂದ ಈ ಚಿಪ್ಪಿಗೇ ಬರುತ್ತಿದೆ, ಟರ್ಮಿನಲ್ ಲಿನಕ್ಸ್ ಲ್ಯಾಬಿಗೆ ಹತ್ತಿರ. ಇದೂ ಎಆರ್‌ಎಂ ಚಿಪ್ಪೇ. ಆದರೆ ಆ್ಯಪಲ್ 2020ರಲ್ಲಿ ಶುರು ಮಾಡಿ ತನ್ನ ಎಲ್ಲ ಮಾಡೆಲ್ಲನ್ನೂ ಈ ಕಡೆ ತಿರುಗಿಸಿದ್ದರಿಂದ ಸಾಫ್ಟ್‌ವೇರಿನವರೂ ಹಿಂದೆ ಬರಲೇಬೇಕಾಯಿತು. ವಿಂಡೋಸ್ ಲೋಕದಲ್ಲಿ ಹಾಗಾಗಿಲ್ಲ.

ಮೆಕ್ಯಾನಿಕಲ್ಲಿನವರು ಮಾತ್ರ ಇದರ ಹತ್ತಿರ ಸುಳಿಯಬಾರದು. ವಿಟಿಯು ಮೊದಲ ವರ್ಷದ ಡ್ರಾಯಿಂಗಿಗೆ ಸಾಲಿಡ್ ಎಡ್ಜ್ ಬಳಸುವ ಕಾಲೇಜುಗಳು ಬಹಳ, ಅದು ವಿಂಡೋಸಿಗೆ ಮಾತ್ರ. ಸಾಲಿಡ್‌ವರ್ಕ್ಸೂ ಹಾಗೇ. ಆಟೋಕ್ಯಾಡಿಗೆ ಮ್ಯಾಕ್ ಆವೃತ್ತಿ ಇದೆ. ಪ್ಯಾರಲಲ್ಸ್ ಹಾಕಿ ಮ್ಯಾಕಿನಲ್ಲೇ ವಿಂಡೋಸ್ ಓಡಿಸಬಹುದಲ್ಲ ಅನ್ನುವವರಿಗೆ ಒಂದು ಮಾತು: ಅಲ್ಲಿ ಓಡುವುದೂ ಎಆರ್‌ಎಂ ವಿಂಡೋಸೇ, ಮೇಲೆ ಹೇಳಿದ ತೊಡಕೆಲ್ಲ ಬೆನ್ನಿಗೇ ಬರುತ್ತದೆ. ಬಿ.ಕಾಂ.ನವರಿಗೂ ಅಷ್ಟೇ. ಟ್ಯಾಲಿಗೆ ಮ್ಯಾಕ್ ಆವೃತ್ತಿ ಇಲ್ಲ, ಮ್ಯಾಕ್ ಎಕ್ಸೆಲ್ಲಿನಲ್ಲಿ ಪವರ್ ಪಿವೋಟ್ ಇಲ್ಲ, ಆ್ಯಕ್ಸೆಸ್ ಇಲ್ಲವೇ ಇಲ್ಲ. (ಟ್ಯಾಲಿ ಕಲಿಯಲು ದುಡ್ಡು ಕೊಡಬೇಕಿಲ್ಲ. ಎಜುಕೇಷನಲ್ ಮೋಡ್ ಉಚಿತ, ವೋಚರ್ ದಿನಾಂಕ ತಿಂಗಳ 1, 2, 31 ಮಾತ್ರ ಒಪ್ಪುತ್ತದೆ. ಅಭ್ಯಾಸಕ್ಕೆ ಧಾರಾಳ ಸಾಕು.)

ಸಣ್ಣಪುಟ್ಟ ಕಿರಿಕಿರಿಗಳನ್ನೂ ಹೇಳಿಬಿಡೋಣ. ಏರ್‌ನಲ್ಲಿ ಎಚ್‌ಡಿಎಂಐ ಇಲ್ಲ. ಕಾಲೇಜಿನ ಪ್ರೊಜೆಕ್ಟರು ಇನ್ನೂ ವಿಜಿಎ ಆಗಿದ್ದರೆ ಯುಎಸ್‌ಬಿ-ಸಿಯಿಂದ ವಿಜಿಎಗೆ ಹೋಗುವ ಅಡಾಪ್ಟರ್ ಬ್ಯಾಗಿನಲ್ಲಿರಲಿ. ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನ ಪೆನ್‌ಡ್ರೈವನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುವುದುಂಟು. ಅರ್ಥಿಂಗ್ ಇಲ್ಲದ ಸಣ್ಣ ಸೋರಿಕೆ ಅದು. ಮೂರು ಪಿನ್ನಿನ ವೈರು, ಸರಿಯಾಗಿ ಅರ್ಥಿಂಗ್ ಇರುವ ಸಾಕೆಟ್ಟು ಸಿಕ್ಕರೆ ನಿಲ್ಲುತ್ತದೆ. ಎಂ4 ಏರ್ ಬಂದಾಗ 256ರಿಂದ 512 ಜಿಬಿಗೆ ಏರಲು ಕಂಪನಿ ಕೇಳಿದ್ದು 20,000. ಆ ದುಡ್ಡಿನಲ್ಲಿ ಸ್ವಲ್ಪ ಭಾಗಕ್ಕೆ ಹೊರಗಿನ ಎಸ್‌ಎಸ್‌ಡಿ ಬರುತ್ತದೆ.

ಇಂಟೆಲ್, ಎಎಂಡಿ

ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಾನಿಕ್ಸ್, ಬಿ.ಕಾಂ. ಓದುವವರು ತಲೆ ಕೆಡಿಸಿಕೊಳ್ಳದೆ ಇಲ್ಲಿಗೆ ಬನ್ನಿ. ಇಲ್ಲಿ ಎಲ್ಲವೂ ಓಡುತ್ತದೆ, ಆದರೆ ಹೆಸರುಗಳ ಗೊಂದಲದಲ್ಲಿ ಹಳೆಯ ಸರಕನ್ನು ಹೊಸದೆಂದು ದಾಟಿಸುತ್ತಾರೆ. ರೈಜೆನ್ 7000 ಸಾಲಿನಲ್ಲಿ ಮೂರನೇ ಅಂಕಿ ನೋಡಿ. 7520ಯು ಅಂದರೆ ಝೆನ್ 2, ಅಂದರೆ 2019ರ ವಿನ್ಯಾಸ. 7530ಯು ಝೆನ್ 3. 7640ಎಚ್‌ಎಸ್ ಝೆನ್ 4. ಮೂರರ ಡಬ್ಬದ ಮೇಲೂ "ರೈಜೆನ್ 5" ಅಂತಲೇ ಇರುತ್ತದೆ. ಇಂಟೆಲ್ಲಿನಲ್ಲಿ ಎನ್100, ಎನ್305 ಬರೀ ಸಣ್ಣ ಕೋರುಗಳ ಚಿಪ್ಪು. ಕ್ಯಾಡ್ (ಕಂಪ್ಯೂಟರಿನಲ್ಲಿ ಡ್ರಾಯಿಂಗ್) ಬೇಕಾದವರು ದೂರವಿರಿ.

ರ‍್ಯಾಮ್ ಅನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಫಾರ್ಮ್ ಫ್ಯಾಕ್ಟರ್ ಸಾಲಿನಲ್ಲಿ "ರೋ ಆಫ್ ಚಿಪ್ಸ್" ಅಂತಿದ್ದರೆ ಬೋರ್ಡಿಗೇ ಬೆಸೆದದ್ದು. "ಎಸ್‌ಓಡಿಐಎಂಎಂ" ಅಂತಿದ್ದು, ಎರಡರಲ್ಲಿ ಒಂದೇ ಸ್ಲಾಟ್ ತುಂಬಿದ್ದರೆ ಮುಂದೆ ಇನ್ನೊಂದು 8 ಜಿಬಿ ಹಾಕಿಸಬಹುದು. ಬೆಸೆದ 8 ಜಿಬಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಇನ್ನೊಂದು ಲಾಭವೂ ಇದೆ: 12–13ನೇ ತಲೆಮಾರಿನ ಐ5 ಯು ಚಿಪ್ಪುಗಳಲ್ಲಿ ಒಂದೇ ರ‍್ಯಾಮ್ ಪಟ್ಟಿ ಇದ್ದರೆ ಗ್ರಾಫಿಕ್ಸ್ ಬರೀ "ಯುಎಚ್‌ಡಿ" ಅಂತ ತೋರಿಸುತ್ತದೆ, ಎರಡು ಹಾಕಿದ ಮೇಲೆ "ಐರಿಸ್ ಎಕ್ಸ್‌ಇ" ಆಗುತ್ತದೆ. ಹೆಸರು ಮಾತ್ರವಲ್ಲ, ಮೂರು ಆಯಾಮದ ಮಾಡೆಲ್ ತಿರುಗಿಸುವಾಗಿನ ತಡವರಿಕೆಯೂ ತಗ್ಗುತ್ತದೆ.

ಪರದೆಯ ಬೆಳಕು 250 ನಿಟ್ಸ್, ಬಣ್ಣ 45 ಶೇಕಡಾ ಎನ್‌ಟಿಎಸ್‌ಸಿ ಅಂತಿದ್ದರೆ ಬಣ್ಣ ಮಾಸಲು. ಕೋಡಿಂಗಿಗೆ ಪರವಾಗಿಲ್ಲ, ಡಿಸೈನ್ ಓದುವವರಿಗೆ ಆಗದು. ಬ್ಯಾಗಿನಲ್ಲಿ ಬಿಸಿಯಾಗುವುದು ಈ ಜಾತಿಯ ಹಳೇ ಕಾಯಿಲೆ. ಮುಚ್ಚಿದಾಗ ಸ್ಲೀಪ್ ಬದಲು ಹೈಬರ್ನೇಟ್ ಆಗುವಂತೆ ಪವರ್ ಆಪ್ಷನ್ಸಿನಲ್ಲಿ ಬದಲಿಸಿ. ಬ್ಯಾಟರಿಯೂ ಬೇಕು, ಎಲ್ಲ ಸಾಫ್ಟ್‌ವೇರೂ ಬೇಕು ಅನ್ನುವವರಿಗೆ ಕೋರ್ ಅಲ್ಟ್ರಾ 226ವಿ, 258ವಿ ತರಹದ, ಕೊನೆಗೆ ವಿ ಅಕ್ಷರ ಇರುವ ಚಿಪ್ಪುಗಳಿವೆ. 226ವಿಗೆ 16 ಜಿಬಿ, 258ವಿಗೆ 32 ಜಿಬಿ ರ‍್ಯಾಮ್ ಚಿಪ್ಪಿನ ಜೊತೆಗೇ ಕೂಡಿಕೊಂಡಿರುತ್ತದೆ. ದುಬಾರಿ.

ಹಳೇ ಥಿಂಕ್‌ಪ್ಯಾಡ್

ಬಜೆಟ್ 30 ಸಾವಿರದ ಒಳಗೆ ಅಂದರೆ ಹೊಸ ಸೆಲೆರಾನ್ ಬೇಡ, ಕ್ರೋಮ್‌ಬುಕ್ಕೂ ಬೇಡ. ರೀಫರ್ಬಿಶ್ಡ್, ಅಂದರೆ ಸರಿಪಡಿಸಿ ಮತ್ತೆ ಮಾರುವ ಥಿಂಕ್‌ಪ್ಯಾಡ್ ಟಿ480 ನೋಡಿ. ಎರಡು ರ‍್ಯಾಮ್ ಸ್ಲಾಟು, ಎರಡು ಬ್ಯಾಟರಿ. ಹೊರಗಿನದನ್ನು ಸ್ಕ್ರೂಡ್ರೈವರಿಲ್ಲದೆ ಬದಲಿಸಬಹುದು. ಅದಕ್ಕಿಂತ ಹಿಂದಿನ ಟಿ470 ಕಡಿಮೆಗೆ ಸಿಗುತ್ತದೆ, ತಗೊಳ್ಳಬೇಡಿ. ವಿಂಡೋಸ್ 11 ಕೇಳುವುದು ಇಂಟೆಲ್ 8ನೇ ತಲೆಮಾರಿನಿಂದ ಮೇಲಿನದನ್ನು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಡ್ಡದಾರಿಯಲ್ಲಿ 11 ಹಾಕಿ ಮಾರುವವರಿದ್ದಾರೆ. ಉಬುಂಟು ಹಾಕುವವರಿಗೆ ಈ ಚಿಂತೆ ಇಲ್ಲ.

ಆನ್ ಮಾಡುವಾಗ ಎಫ್1 ಒತ್ತಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಕೈಬಿಡಿ, ಅದು ಹಿಂದಿನ ಕಂಪನಿ ಹಾಕಿದ ಬೀಗ. ಪರದೆ 1920 ಬೈ 1080 ಇದೆಯೇ ನೋಡಿ, 1366ರ ಪರದೆಯವೂ ಬಹಳ ಓಡಾಡುತ್ತಿವೆ. ಯುಎಸ್‌ಬಿ-ಸಿ ಚಾರ್ಜರ್ ಚುಚ್ಚಿ ಮೆಲ್ಲಗೆ ಅಲ್ಲಾಡಿಸಿ, ಚಾರ್ಜ್ ಬಿಟ್ಟುಬಿಟ್ಟು ಹತ್ತಿದರೆ ಪೋರ್ಟ್ ಸವೆದಿದೆ. ಮನೆಗೆ ತಂದ ಮೇಲೆ ಮೊದಲ ಕೆಲಸ ಥಂಡರ್‌ಬೋಲ್ಟ್ ಫರ್ಮ್‌ವೇರ್ ಅಪ್‌ಡೇಟ್. ಹಳೆಯ ಆವೃತ್ತಿಯಲ್ಲೇ ಬಿಟ್ಟರೆ ಆ ಪೋರ್ಟ್ ಮುಂದೊಂದು ದಿನ ಚಾರ್ಜನ್ನೇ ಒಪ್ಪದೆ ಹೋಗಬಹುದು.

ಬಿಲ್ ಮಾಡಿಸುವ ಮುನ್ನ

ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ತೆರೆದು ಸಿಸ್ಟಂ ಟೈಪ್ ಸಾಲು ಓದಿ. ಎಕ್ಸ್64 ಅಂದರೆ ಇಂಟೆಲ್–ಎಎಂಡಿ, ಎಆರ್‌ಎಂ ಅಂದರೆ ಸ್ನ್ಯಾಪ್‌ಡ್ರ್ಯಾಗನ್. ಕಾಲೇಜಿನ ಸೀನಿಯರುಗಳಿಂದ ಎರಡನೇ, ಮೂರನೇ ವರ್ಷದ ಲ್ಯಾಬ್ ಪಟ್ಟಿಯನ್ನೂ ತರಿಸಿಕೊಂಡು ಹೋಗಿ. ಮಂಡ್ಯದ ಪಿಇಎಸ್‌ನಂಥ ಸ್ವಾಯತ್ತ ಕಾಲೇಜುಗಳಲ್ಲಿ ಪಟ್ಟಿ ವಿಟಿಯುವಿನದೇ ಇರಬೇಕೆಂದಿಲ್ಲ. "ಆನ್‌ಸೈಟ್ ವಾರಂಟಿ" ಅಂದರೆ ಎಲ್ಲ ಊರಿಗೂ ಬರುತ್ತಾರೆ ಅಂತಲ್ಲ. ಕಂಪನಿಯ ಸಪೋರ್ಟ್ ಪುಟದಲ್ಲಿ 571401 ಅಥವಾ ನಿಮ್ಮ ಹಳ್ಳಿಯ ಪಿನ್ ಹಾಕಿ ನೋಡಿ.

ಕೊನೆಯದು, ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು. ಅಂಗಡಿಯ ಹುಡುಗರು "ಸೆಟಪ್ ಮಾಡಿಕೊಡ್ತೀವಿ" ಅಂತ ತಮ್ಮದೇ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ತೆರೆಯುತ್ತಾರೆ. ಹೊಸ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ, ಅದರ 48 ಅಂಕಿಯ ರಿಕವರಿ ಕೀ ಮೊದಲು ಸೈನ್‌ಇನ್ ಆದ ಅಕೌಂಟಿಗೆ ಹೋಗಿ ಕೂರುತ್ತದೆ. ಆರು ತಿಂಗಳ ಮೇಲೆ ಬಯೋಸ್ ಅಪ್‌ಡೇಟ್ ಆಗಿ ನೀಲಿ ಪರದೆ ಆ ಕೀ ಕೇಳಿದಾಗ ಅಂಗಡಿಯಲ್ಲಿ ಆ ಹುಡುಗ ಇರುವುದಿಲ್ಲ. ಡಬ್ಬದ ಜೊತೆ ಬರುವ ಆಫೀಸ್ ಕೂಡ ಅದೇ ಅಕೌಂಟಿಗೆ ಅಂಟಿಕೊಳ್ಳುತ್ತದೆ. ಸೀಲ್ ಒಡೆದು, ಬಿಲ್ಲಿನ ಸೀರಿಯಲ್ ನಂಬರಿಗೂ ಯಂತ್ರದ ತಳದ ನಂಬರಿಗೂ ತಾಳೆ ನೋಡಿ, ಸೆಟಪ್ಪನ್ನು ನಿಮ್ಮದೇ ಅಕೌಂಟಿನಲ್ಲಿ ಮಾಡಿಕೊಳ್ಳಿ. ಆ ಕೀಯನ್ನು ಅದೇ ವಾರ ಪ್ರಿಂಟ್ ತೆಗೆಸಿ ಮಾರ್ಕ್ಸ್ ಕಾರ್ಡುಗಳ ಫೈಲಿನಲ್ಲಿಡಿ.