ಗಂಗಾ ಪಾಠಕ್ಕಾಗಿ ಕೊಂಡುಕೊಳ್ಳಿ, ಸಿಂಧೂ ಪಾಠ ನೀವೇ ತಿದ್ದಿಕೊಳ್ಳಿ

ರಾಯಚೂರು ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಕನ್ನಡ ಮಾಧ್ಯಮದ ಕೆಎಎಸ್ ಪರೀಕ್ಷೆಯ ನೋಟ್ಸ್ ಇದು. ವಿಷಯ, ನೆರೆ ದೇಶಗಳ ಜೊತೆಗಿನ ನದಿ ನೀರಿನ ಒಪ್ಪಂದಗಳು. ಸ್ಪೈರಲ್ ಬೈಂಡಿಂಗ್, 120 ರೂಪಾಯಿ.

ಗಂಗಾ ಪಾಠ ಒಂದಕ್ಕೇ ದುಡ್ಡು ವಸೂಲ್. 1996ರ ಡಿಸೆಂಬರ್ 12ರಂದು ನಮ್ಮ ದೇವೇಗೌಡರು ಪ್ರಧಾನಿಯಾಗಿ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ಜೊತೆ ಸಹಿ ಹಾಕಿದ ಒಪ್ಪಂದ. ಪ್ರತಿ ವರ್ಷ ಜನವರಿ 1ರಿಂದ ಮೇ 31ರವರೆಗೆ ಹತ್ತತ್ತು ದಿನದ ಲೆಕ್ಕ. ಹರಿವಿನ ಅಳತೆ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಅಂತ. ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜ್ ಹತ್ತಿರ 70,000 ಕ್ಯೂಸೆಕ್‌ವರೆಗೆ ಇದ್ದರೆ ಅರ್ಧರ್ಧ; 75,000ದವರೆಗೆ ಬಾಂಗ್ಲಾಕ್ಕೆ 35,000, ಉಳಿದದ್ದು ನಮಗೆ; ಅದಕ್ಕೂ ಮೇಲೆ ಬಂದರೆ ನಮಗೆ 40,000, ಮಿಕ್ಕಿದ್ದೆಲ್ಲ ಅವರಿಗೆ. ಮಾರ್ಚ್ 11ರಿಂದ ಮೇ 10ರ ನಡುವೆ ಒಂದು ಹತ್ತು ದಿನ ಅವರಿಗೆ 35,000 ಖಾತ್ರಿ, ಮುಂದಿನ ಹತ್ತು ದಿನ ನಮಗೆ. ಕಾಲುವೆಗೆ ಆನ್ ಅಂಡ್ ಆಫ್ ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡೋದನ್ನ ನೋಡುತ್ತಲೇ ಬೆಳೆದ ಸಿರವಾರ ಕಡೆಯ ನಮ್ಮಂಥವರಿಗೆ ಇದನ್ನು ಉರು ಹೊಡೆಯೋದೇ ಬೇಕಿಲ್ಲ.

ನನ್ನ ತಕರಾರೂ ಇಲ್ಲೇ. ಯಾರಿಗೆಷ್ಟು ಅಂತ ಬರೆದ ನೋಟ್ಸ್‌ನವರು ನೀರು ಅಳೆಯೋರು ಯಾರು ಅಂತ ಬರೆದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಭತ್ತ ಹಚ್ಚುವ ನಮ್ಮ ಕಾಕಾನ್ನ ಕೇಳಿ: ಪಾಲು ಕಾಗದದ ಮೇಲೆ ಇದ್ದೇ ಇರ್ತದೆ, ಜಗಳ ಹತ್ತೋದು ನೀರು ಅಳೆಯುವ ಗೇಜ್ ಹತ್ತಿರ. ಒಪ್ಪಂದ ಮಾಡಿದವರಿಗೂ ಇದು ಗೊತ್ತಿತ್ತು. ಫರಕ್ಕಾ ಬ್ಯಾರೇಜ್ ಕೆಳಗೆ, ನಮ್ಮ ಪಾಲಿನ ನೀರು ಹೋಗುವ ಫೀಡರ್ ಕಾಲುವೆಯಲ್ಲಿ, ಆಚೆ ಬಾಂಗ್ಲಾದ ಹಾರ್ಡಿಂಜ್ ಸೇತುವೆ ಹತ್ತಿರ ಜಂಟಿ ತಂಡಗಳು ದಿನಾ ಹರಿವು ಬರೆದುಕೊಳ್ಳಬೇಕು ಅಂತ ಅದರಲ್ಲೇ ಇದೆ. ಒಪ್ಪಂದದ 30 ವರ್ಷದ ಅವಧಿ 2026ರ ಡಿಸೆಂಬರ್‌ವರೆಗೆ. ಪರೀಕ್ಷೆಯಲ್ಲಿ ಕೇಳದೇ ಬಿಡ್ತಾರಾ?

ಸಿಂಧೂ ಪಾಠ ಹಳಸಿದೆ. 1960ರಲ್ಲಿ ಕರಾಚಿಯಲ್ಲಿ ಸಹಿ, ನಮ್ಮ ಕಡೆ ನೆಹರೂ, ಪಾಕಿಸ್ತಾನದ ಕಡೆ ಅಧ್ಯಕ್ಷ ಅಯೂಬ್ ಖಾನ್, ನಡುವೆ ವಿಶ್ವ ಬ್ಯಾಂಕ್. ರಾವಿ, ಬಿಯಾಸ್, ಸಟ್ಲೆಜ್ ನಮಗೆ, ಸಿಂಧೂ, ಝೀಲಂ, ಚೀನಾಬ್ ಪಾಕಿಸ್ತಾನಕ್ಕೆ. ಇಷ್ಟೂ ಸರಿ. ಆದರೆ ಪಹಲ್ಗಾಮ್ ದಾಳಿಯ ಬಳಿಕ 2025ರ ಏಪ್ರಿಲ್‌ನಲ್ಲಿ ಭಾರತ ಇದನ್ನು ಅಮಾನತಿನಲ್ಲಿಟ್ಟ ಸುದ್ದಿಯೇ ಇಲ್ಲ. ನಮ್ಮ ಪಾಲಾದ ನದಿಗಳ ನೀರಿನ ಬದಲಿಗೆ ಪಾಕಿಸ್ತಾನ ಕಟ್ಟಿಕೊಳ್ಳುವ ಕಾಲುವೆಗಳಿಗೆಂದು ಭಾರತ ಕೊಟ್ಟ 6 ಕೋಟಿ 20 ಲಕ್ಷ ಚಿಲ್ಲರೆ ಪೌಂಡ್ ಇಲ್ಲಿ ರೂಪಾಯಿ ಆಗಿಬಿಟ್ಟಿದೆ! ನೇಪಾಳದ ಜೊತೆಗಿನ ಮಹಾಕಾಳಿ ನದಿ ಒಪ್ಪಂದಕ್ಕೆ ಅರ್ಧ ಪುಟ, ಅದೂ ಕಾಟಾಚಾರಕ್ಕೆ.

ದುಡ್ಡು ಕೊಡೋ ಮುಂಚೆ ಗಂಗಾ ಕೋಷ್ಟಕದ ಪುಟ ತೆರೆದು ನೋಡಿ. ನನ್ನ ಪ್ರತಿಯಲ್ಲಿ ಬಲಗಡೆಯ ಕಾಲಂ ಝೆರಾಕ್ಸ್‌ನಲ್ಲಿ ಕತ್ತರಿಸಿ ಹೋಗಿತ್ತು. ಹೇಳಿದ ಮೇಲೆ ಅಂಗಡಿಯವರು ಗೊಣಗದೆ ಬೇರೆ ಹಾಳೆ ಹಾಕಿಕೊಟ್ಟರು.