ಹಳೆಯ ಆಂಪ್ಲಿಫೈಯರ್‌ಗೆ ಒಳ್ಳೆಯ ಸ್ಪೀಕರ್ ಜೋಡಿಸುವ ಮುನ್ನ ಅದರ ರಿಲೇ ನೋಡಿ

ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕೆಟ್ಟ ಗಳಿಗೆಯಲ್ಲಿ ಸ್ಪೀಕರನ್ನು ಉಳಿಸುವುದು ಅದರೊಳಗಿನ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ತಾನೇ ತೆರೆದು ಮುಚ್ಚುವ ಸ್ವಿಚ್. ದೋಷ ಕಂಡೊಡನೆ ಅದು ತೆರೆದುಕೊಂಡು ಸ್ಪೀಕರನ್ನು ಬೇರ್ಪಡಿಸುತ್ತದೆ. ಆ ರಿಲೇಗೆ ಅಡ್ಡಲಾಗಿ ಒಂದು ತಂತಿ ಬೆಸೆದು, ರಕ್ಷಣೆಯನ್ನೇ ಇಲ್ಲವಾಗಿಸಿ, ‘ಪೂರ್ತಿ ಸರ್ವಿಸ್ ಆಗಿದೆ’ ಎಂದು ಮಾರುವವರಿದ್ದಾರೆ. ಅಂಥ ಒಂದು ಆಂಪ್ಲಿಫೈಯರ್ ನನ್ನ ಎಡಗಡೆಯ ಸ್ಪೀಕರ್‌ನ ವೂಫರನ್ನು (ತಗ್ಗು ಸ್ವರಗಳನ್ನು ನುಡಿಸುವ ಭಾಗ) ಸುಟ್ಟುಹಾಕಿತು. ತಯಾರಿಕೆ ನಿಂತುಹೋದ ಸ್ಪೀಕರ್ ಅದು, ಅದೇ ವೂಫರ್ ಮತ್ತೆ ಸಿಗುವುದಿಲ್ಲ. ಇನ್ನೊಬ್ಬರಿಗೆ ಹೀಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಆಂಪ್ಲಿಫೈಯರ್ 1970ರ ದಶಕದ ಕೊನೆಯದು. ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸಿದ್ದೇನೆ, ವಾಲ್ಯೂಮ್ ಮತ್ತು ಸ್ವಿಚ್‌ಗಳನ್ನು ಸ್ವಚ್ಛಗೊಳಿಸಿದ್ದೇನೆ ಎಂದು ಮಾರಿದವರು ಹೇಳಿದ್ದರು. ಅವರ ಮಾತನ್ನಷ್ಟೇ ನೆಚ್ಚಿಕೊಳ್ಳದೆ, ಸ್ಪೀಕರ್ ಜೋಡಿಸುವ ಮೊದಲು ಔಟ್‌ಪುಟ್ ಟರ್ಮಿನಲ್‌ಗಳಲ್ಲಿ ಡಿಸಿ (ಒಂದೇ ದಿಕ್ಕಿನ ವಿದ್ಯುತ್) ವೋಲ್ಟೇಜ್ ಅಳೆದಿದ್ದೆ. ಎರಡೂ ಚಾನೆಲ್‌ಗಳಲ್ಲಿ 20 ಮಿಲಿವೋಲ್ಟ್‌ಗಿಂತ ಕಡಿಮೆ ಇತ್ತು, ಯಾರೂ ತಕರಾರು ತೆಗೆಯದ ಅಳತೆ. ಸ್ವಿಚ್ ಹಾಕಿದ ಕೆಲವು ಸೆಕೆಂಡುಗಳಿಗೆ ರಿಲೇಯ ‘ಟಿಕ್’ ಸದ್ದೂ ಕೇಳಿಸುತ್ತಿತ್ತು. ಧ್ವನಿಯಂತೂ ತುಂಬ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ.

ಕೆಲವು ವಾರಗಳ ನಂತರ ಒಂದು ಸಂಜೆ, ಸಣ್ಣ ದನಿಯಲ್ಲಿ ಹಾಡು ಕೇಳುತ್ತಿದ್ದಾಗ ಎಡಗಡೆಯಿಂದ ಧಡ್ ಎಂಬ ಸದ್ದು ಬಂತು. ನೋಡಿದರೆ ವೂಫರ್‌ನ ಕೋನ್ ಮುಂದಕ್ಕೆ ಉಬ್ಬಿ ಅಲ್ಲೇ ನಿಂತುಬಿಟ್ಟಿತ್ತು, ಅಲುಗಾಡುತ್ತಿರಲಿಲ್ಲ. ಹಿಂದೆಯೇ ವಾರ್ನಿಶ್ ಸುಟ್ಟ ಘಾಟು ವಾಸನೆ. ಎದ್ದು ಹೋಗಿ ಗೋಡೆಯ ಸ್ವಿಚ್ ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಕೋನ್ ಮೇಲೆ ಎರಡೂ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದೆ. ಒಳಗೆ ಕರಕರ ಉಜ್ಜುವ ಸದ್ದು. ಕೋನನ್ನು ಅಲುಗಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲ್ ಕಾದು, ಉಬ್ಬಿ, ಅಯಸ್ಕಾಂತದ ಸಂದಿಗೆ ಕಚ್ಚಿಕೊಂಡಿತ್ತು. ಮಲ್ಟಿಮೀಟರ್ ಹಿಡಿದರೆ 6 ಓಮ್ ತೋರಿಸಬೇಕಿದ್ದ ವೂಫರ್ 2 ಓಮ್ ಕೂಡ ತೋರಿಸಲಿಲ್ಲ. ತಂತಿಯ ಮೇಲಿನ ಹೊದಿಕೆ ಕರಗಿ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಆಂಪ್ಲಿಫೈಯರ್‌ನ ತಳದ ತಗಡು ಬಿಚ್ಚಿದಾಗ ಕಾರಣ ಕಣ್ಣಿಗೆ ಹೊಡೆಯುವಂತೆ ಕಾಣಿಸಿತು. ಬೋರ್ಡಿನ ಉಳಿದ ಬೆಸುಗೆಗಳೆಲ್ಲ ವಯಸ್ಸಿಗೆ ತಕ್ಕಂತೆ ಮಂಕಾಗಿದ್ದವು. ರಿಲೇಯ ಕಾಲುಗಳ ಬಳಿ ಮಾತ್ರ ಹೊಳೆಯುವ ಹೊಸ ಸೀಸ, ಅದರ ಸುತ್ತ ಒರೆಸದೆ ಬಿಟ್ಟ ಫ್ಲಕ್ಸ್‌ನ (ಬೆಸುಗೆಗೆ ಬಳಸುವ ರಾಳ) ಕಂದು ಅಂಟು. ಪ್ರತಿ ಚಾನೆಲ್‌ನ ಎರಡು ಸಂಪರ್ಕಗಳ ನಡುವೆ, ಯಾವುದೋ ರೆಸಿಸ್ಟರ್‌ನಿಂದ ಕತ್ತರಿಸಿದ ಕಾಲಿನ ತುಂಡನ್ನು ಬೆಸೆದಿದ್ದರು. ರಿಲೇಯ ಸುರುಳಿಗೆ ವಿದ್ಯುತ್ ಹೋಗುತ್ತಿದ್ದುದರಿಂದ ಅದು ‘ಟಿಕ್’ ಎನ್ನುತ್ತಲೇ ಇತ್ತು. ಆದರೆ ಅದು ತೆರೆದರೂ ಮುಚ್ಚಿದರೂ ಸ್ಪೀಕರ್ ಆಂಪ್ಲಿಫೈಯರ್‌ಗೆ ಅಂಟಿಕೊಂಡೇ ಇರುತ್ತಿತ್ತು. ಎಡ ಚಾನೆಲ್‌ನಲ್ಲಿ ಸ್ಪೀಕರ್‌ಗೆ ಕರೆಂಟ್ ಒದಗಿಸುವ ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಕಲೆಕ್ಟರ್‌ನಿಂದ ಎಮಿಟರ್‌ವರೆಗೆ ಶಾರ್ಟ್ ಆಗಿತ್ತು, ಅಂದರೆ ಬರಿಯ ತಂತಿಯಂತಾಗಿತ್ತು.

ಮಾರಿದವರನ್ನು ಕೇಳಿದೆ. ರಿಲೇಯ ಸಂಪರ್ಕಗಳು ಕಪ್ಪಾಗಿ ಧ್ವನಿ ಆಗಾಗ ಕಡಿದುಹೋಗುತ್ತಿತ್ತು, ಅದಕ್ಕೇ ಸೇರಿಸಿಬಿಟ್ಟೆ, ಆಮೇಲೆ ಚೆನ್ನಾಗಿಯೇ ಹಾಡಿತಲ್ಲ ಎಂದರು. ಈ ಉತ್ತರ ಕೇಳಿ ನನಗೆ ಸಿಟ್ಟು ಬಂದಿತ್ತು, ಈಗಲೂ ಇಳಿದಿಲ್ಲ. ಇಂಥ ರಿಲೇ ಸಾಮಾನ್ಯ ಬಿಡಿಭಾಗ. ಸುರುಳಿಯ ವೋಲ್ಟೇಜ್ ಮತ್ತು ಸಂಪರ್ಕಗಳ ಸಾಮರ್ಥ್ಯ ನೋಡಿ ಹೊಂದುವ ಹೊಸದನ್ನು ಹಾಕಬಹುದು. ಕಾಲುಗಳ ಜಾಗ ಹೊಂದದಿದ್ದರೆ ಗಿಡ್ಡ ತಂತಿಗಳಲ್ಲಿ ಜೋಡಿಸಬಹುದು. ಇಷ್ಟು ಸಣ್ಣ ಕೆಲಸ ಉಳಿಸಲು ಹೋಗಿ ಇನ್ನೊಬ್ಬರ ಸ್ಪೀಕರನ್ನು ಪಣಕ್ಕಿಟ್ಟಿದ್ದಾರೆ.

ಒಂದು ಟ್ರಾನ್ಸಿಸ್ಟರ್ ಹೋದರೆ ಸ್ಪೀಕರ್ ಏಕೆ ಸುಡಬೇಕು ಎಂದು ಕೆಲವರು ಕೇಳುತ್ತಾರೆ. 1970ರ ದಶಕದಿಂದೀಚಿನ ಬಹುಪಾಲು ಆಂಪ್ಲಿಫೈಯರ್‌ಗಳಲ್ಲಿ ಪ್ಲಸ್ ಮತ್ತು ಮೈನಸ್ ಎಂದು ಎರಡು ಸಪ್ಲೈಗಳಿರುತ್ತವೆ. ಸ್ಪೀಕರ್ ಅವೆರಡರ ನಡುವಿನ ಸೊನ್ನೆ ಬಿಂದುವಿಗೆ ನೇರವಾಗಿ ಸೇರಿರುತ್ತದೆ, ಮಧ್ಯೆ ಡಿಸಿಯನ್ನು ತಡೆಯಲು ಕೆಪಾಸಿಟರ್ ಇರುವುದಿಲ್ಲ. ಒಂದು ಕಡೆಯ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಆ ಕಡೆಯ ಇಡೀ ಸಪ್ಲೈ ಸ್ಪೀಕರ್ ಮೇಲೆ ಬೀಳುತ್ತದೆ. ಸಪ್ಲೈ 35 ವೋಲ್ಟ್ ಎಂದುಕೊಳ್ಳಿ. 8 ಓಮ್ ವೂಫರ್‌ನ ಕಾಯಿಲ್ ಡಿಸಿಗೆ ಒಡ್ಡುವ ತಡೆ ಸುಮಾರು 6 ಓಮ್. ಹರಿಯುವ ಕರೆಂಟ್ ಹತ್ತಿರ ಹತ್ತಿರ 6 ಆಂಪಿಯರ್, ಉಂಟಾಗುವ ಶಾಖ ಸುಮಾರು 200 ವ್ಯಾಟ್. ಮನೆಯಲ್ಲಿ ಸಾಧಾರಣ ದನಿಯಲ್ಲಿ ಹಾಡು ಕೇಳುವಾಗ ಅದೇ ಕಾಯಿಲ್‌ಗೆ ಸರಾಸರಿ ಒಂದೆರಡು ವ್ಯಾಟ್ ಹೋಗುತ್ತಿರುತ್ತದೆ ಅಷ್ಟೆ. ಜೊತೆಗೆ ಹಾಡಿನಲ್ಲಿ ಕೋನ್ ಹಿಂದೆ ಮುಂದೆ ಆಡುತ್ತ ಗಾಳಿಯಾಡಿಸಿ ಕಾಯಿಲನ್ನು ತಂಪಾಗಿಡುತ್ತದೆ. ಡಿಸಿ ಬಿದ್ದಾಗ ಕಾಯಿಲ್ ಸಂದಿಯಿಂದ ಆಚೆ ಸರಿದು ಅಲ್ಲೇ ನಿಲ್ಲುವುದರಿಂದ ಶಾಖ ಹೋಗಲು ದಾರಿಯೇ ಇರುವುದಿಲ್ಲ. ಸ್ಪೀಕರ್‌ಗೆ ಬೆಂಕಿ ಹತ್ತುವುದೂ ಉಂಟು. ನನ್ನ ಟ್ವೀಟರ್ (ಎತ್ತರದ ಸ್ವರಗಳ ಭಾಗ) ಉಳಿದದ್ದು ಸ್ವರಗಳನ್ನು ಎರಡಕ್ಕೂ ಹಂಚುವ ಕ್ರಾಸ್‌ಓವರ್‌ನಲ್ಲಿ ಅದರ ಮುಂದಿರುವ ಕೆಪಾಸಿಟರ್ ಡಿಸಿಯನ್ನು ತಡೆದದ್ದರಿಂದ. ವೂಫರ್ ಮುಂದಿರುವುದು ಬರಿಯ ತಂತಿಸುರುಳಿ, ಅದು ಡಿಸಿಯನ್ನು ಸರಾಗವಾಗಿ ಬಿಡುತ್ತದೆ.

ಇಂಥ ಹೊತ್ತಿನಲ್ಲಿ ವಾಲ್ಯೂಮ್ ತಗ್ಗಿಸಿ ಪ್ರಯೋಜನವಿಲ್ಲ, ದೋಷವಿರುವುದು ವಾಲ್ಯೂಮಿನ ಆಚೆ. ಗೋಡೆಯ ಸ್ವಿಚ್ಚನ್ನೇ ಆರಿಸಬೇಕು.

ಮಿಲಿವೋಲ್ಟ್ ಅಳತೆ ಚೆನ್ನಾಗಿದ್ದರೂ ಹೀಗಾಯಿತಲ್ಲ, ಹಾಗಾದರೆ ಅಳೆದು ಏನು ಲಾಭ ಎನ್ನಬೇಡಿ. ಅಳೆಯಲೇಬೇಕು. ಸ್ಪೀಕರ್ ಜೋಡಿಸದೆ, ಹಾಡು ಹಾಕದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ತಿರುಗಿಸಿ, ಒಂದೇ ಚಾನೆಲ್‌ನ ಕೆಂಪು ಮತ್ತು ಕಪ್ಪು ಟರ್ಮಿನಲ್‌ಗಳಿಗೆ ಹಿಡಿಯಿರಿ. ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಕಾದ ಮೇಲೆ ಇನ್ನೊಮ್ಮೆ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 100 ದಾಟಿದರೆ ಕಾರಣ ಹುಡುಕಿಸಿ. ವೋಲ್ಟ್‌ಗಳ ಲೆಕ್ಕದಲ್ಲಿದ್ದರೆ ಆ ಆಂಪ್ಲಿಫೈಯರ್‌ಗೆ ಯಾವ ಸ್ಪೀಕರನ್ನೂ ಮುಟ್ಟಿಸಬೇಡಿ. ಅಂಕಿ ಒಂದೆಡೆ ನಿಲ್ಲದೆ ಏರಿಳಿಯುತ್ತಿದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ. ಆದರೆ ಈ ಅಳತೆ ಹೇಳುವುದು ಈ ಹೊತ್ತಿನ ಆರೋಗ್ಯವನ್ನು ಮಾತ್ರ. ನಾಳೆ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ನಡುವೆ ತಡೆಯಲು ಯಾರಿದ್ದಾರೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ರಿಲೇಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ತಗಡು ಬಿಚ್ಚದೆಯೇ ಅದನ್ನು ಪರೀಕ್ಷಿಸುವ ಒಂದು ದಾರಿಯಿದೆ. ಹೋದರೂ ಅಡ್ಡಿಯಿಲ್ಲ ಎನ್ನಿಸುವ ಒಂದು ಸಣ್ಣ ಸ್ಪೀಕರ್ ಜೋಡಿಸಿ. ಹಾಡನ್ನು ಮೊದಲೇ ಶುರುಮಾಡಿ, ಸಣ್ಣ ವಾಲ್ಯೂಮ್ ಇಟ್ಟು, ಆಮೇಲೆ ಆಂಪ್ಲಿಫೈಯರ್ ಸ್ವಿಚ್ ಹಾಕಿ. ರಿಲೇ ಸರಿಯಿದ್ದರೆ ಮೊದಲ ಕೆಲವು ಸೆಕೆಂಡು ಸಂಪೂರ್ಣ ಮೌನ, ‘ಟಿಕ್’ ಆದ ಮೇಲೆಯೇ ಧ್ವನಿ. ‘ಟಿಕ್’ಗೆ ಮೊದಲೇ ಹಾಡು, ಗುಂಯ್ ಎಂಬ ಸದ್ದು ಅಥವಾ ಧಪ್ ಎಂಬ ಹೊಡೆತ ಕೇಳಿಸಿದರೆ ರಿಲೇಯ ಸಂಪರ್ಕಗಳನ್ನು ಯಾರೋ ತಂತಿಯಿಂದ ಸೇರಿಸಿಬಿಟ್ಟಿದ್ದಾರೆ, ಇಲ್ಲವೇ ಅವು ತಾವಾಗಿಯೇ ಬೆಸೆದುಹೋಗಿವೆ. ಆರಿಸುವಾಗಲೂ ಗಮನಿಸಿ: ರಿಲೇ ಕೆಲಸ ಮಾಡುತ್ತಿದ್ದರೆ ಧ್ವನಿ ಥಟ್ಟನೆ ನಿಲ್ಲುತ್ತದೆ. ಹಾಡು ನಿಧಾನವಾಗಿ ಬಾಡುತ್ತ ಸೊರಗುತ್ತ ಹೋದರೆ ಅನುಮಾನಪಡಿ. ‘ಟಿಕ್’ ಕೇಳಿಸಿತೆಂದ ಮಾತ್ರಕ್ಕೆ ನೆಮ್ಮದಿಯಿಂದ ಕೂರುವಂತಿಲ್ಲ ಎಂಬುದನ್ನು ನನ್ನ ವೂಫರ್ ಕಳೆದುಕೊಂಡು ತಿಳಿದಿದ್ದೇನೆ.

ಕೆಲವು ಮಾದರಿಗಳಲ್ಲಿ ರಿಲೇಯೇ ಇರುವುದಿಲ್ಲ, ಅದು ಬೇರೆ ಮಾತು. 1970ರ ದಶಕದ ಆರಂಭದ ಎಷ್ಟೋ ಆಂಪ್ಲಿಫೈಯರ್‌ಗಳು ಬರಿಯ ಫ್ಯೂಸ್ ನೆಚ್ಚಿಕೊಂಡಿವೆ. ಫ್ಯೂಸ್ ಇರುವುದು ಇಲ್ಲದಿರುವುದಕ್ಕಿಂತ ಮೇಲು, ಆದರೆ ಅದು ಕರಗುವಷ್ಟರಲ್ಲಿ ಕಾಯಿಲ್ ಸುಟ್ಟಿರಬಹುದು. ಅದಕ್ಕೂ ಹಿಂದಿನ, ಒಂದೇ ಸಪ್ಲೈ ಇರುವ ವಿನ್ಯಾಸಗಳಲ್ಲಿ ಸ್ಪೀಕರ್ ಮುಂದೆ ದೊಡ್ಡ ಕೆಪಾಸಿಟರ್ ಇರುತ್ತದೆ. ಅದು ಆರೋಗ್ಯವಾಗಿರುವವರೆಗೂ ಡಿಸಿ ದಾಟುವುದಿಲ್ಲ. ಅದೇ ಶಾರ್ಟ್ ಆದರೆ ಸಪ್ಲೈನ ಅರ್ಧದಷ್ಟು ವೋಲ್ಟೇಜ್ ಸ್ಪೀಕರ್ ಮೇಲೆ ಬೀಳಬಹುದು, ಹಾಗಾಗಿ ಹಳೆಯದನ್ನು ಬದಲಿಸಿಯೇ ಬಳಸಿ. ವಾಲ್ವ್ ಆಂಪ್ಲಿಫೈಯರ್ ಇರುವವರಿಗೆ ಈ ಭಯ ಇಲ್ಲವೆಂದೇ ಹೇಳಬಹುದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಡಿಸಿಯನ್ನು ಸ್ಪೀಕರ್‌ವರೆಗೆ ಬಿಡುವುದಿಲ್ಲ. ಅಲ್ಲಿಯ ನಿಯಮ ತದ್ವಿರುದ್ಧ: ಸ್ಪೀಕರ್ ಇಲ್ಲದೆ ಹಾಡು ಹಾಕಬಾರದು, ಟ್ರಾನ್ಸ್‌ಫಾರ್ಮರ್ ಹಾಳಾದೀತು.

ರಿಲೇ ಇಲ್ಲದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗೆ ಹೊರಗಿನಿಂದ ರಕ್ಷಣಾ ಬೋರ್ಡ್ ಅಳವಡಿಸಿಕೊಳ್ಳಬಹುದು. ಯುಪಿಸಿ1237 ಎಂಬ ಐಸಿ ಈ ಕೆಲಸಕ್ಕಾಗಿಯೇ ಮಾಡಿದ್ದು, ಅದನ್ನು ಬಳಸಿದ ಸಿದ್ಧ ಬೋರ್ಡ್‌ಗಳು ಸಿಗುತ್ತವೆ. ಅಲ್ಲಿ ನೋಡಬೇಕಾದದ್ದು ರಿಲೇಯ ಮೈಮೇಲೆ ಅಚ್ಚಾಗಿರುವ ಡಿಸಿ ಮಿತಿ. ಸಾಮಾನ್ಯ ರಿಲೇಗಳ ಮೇಲೆ ಡಿಸಿಗೆ 30 ವೋಲ್ಟ್ ಎಂದಿರುತ್ತದೆ. ನಿಮ್ಮ ಸಪ್ಲೈ 50 ವೋಲ್ಟ್ ಇದ್ದರೆ ಸಂಪರ್ಕ ತೆರೆದ ಮೇಲೂ ನಡುವೆ ಕಿಡಿ ಹೊತ್ತಿಕೊಂಡೇ ಇರಬಹುದು. ಎಸಿಯಾಗಿದ್ದರೆ ಕ್ಷಣಕ್ಷಣಕ್ಕೂ ಸೊನ್ನೆಗೆ ಇಳಿದು ಕಿಡಿ ಆರುತ್ತದೆ. ಡಿಸಿಗೆ ಸೊನ್ನೆಯೇ ಇಲ್ಲ, ಹಾಗಾಗಿ ಕಿಡಿಯ ಮೂಲಕವೇ ಕರೆಂಟ್ ಹರಿದು ರಿಲೇಯೂ ಸ್ಪೀಕರೂ ಒಟ್ಟಿಗೆ ಸುಡುತ್ತವೆ. ಬಲ್ಲ ತಂತ್ರಜ್ಞರು ಸ್ಪೀಕರನ್ನು ರಿಲೇಯ ನಡುವಿನ ಚಲಿಸುವ ಸಂಪರ್ಕಕ್ಕೂ, ಆಂಪ್ಲಿಫೈಯರನ್ನು ಒಂದು ಬದಿಗೂ, ಗ್ರೌಂಡನ್ನು ಇನ್ನೊಂದು ಬದಿಗೂ ಜೋಡಿಸುತ್ತಾರೆ. ಆಗ ರಿಲೇ ಬಿಟ್ಟುಕೊಂಡಾಗ ಸ್ಪೀಕರ್‌ನ ಎರಡೂ ತುದಿ ಗ್ರೌಂಡ್ ಸೇರುತ್ತವೆ, ಕಿಡಿ ಹೊತ್ತಿದರೂ ಕರೆಂಟ್ ಗ್ರೌಂಡ್‌ಗೆ ಹರಿದು ಆಂಪ್ಲಿಫೈಯರ್‌ನ ಫ್ಯೂಸ್ ಹೋಗುತ್ತದೆ. ಬೋರ್ಡ್ ಹಾಕಿಸುವುದಾದರೆ ಹೀಗೇ ಹಾಕಿಸಿ. ಹಾಕಿದ ಮೇಲೆ, ಸ್ಪೀಕರ್ ಜೋಡಿಸುವ ಮುನ್ನ, ಒಂದೆರಡು ಬ್ಯಾಟರಿ ಸೆಲ್‌ಗಳ ಡಿಸಿಯನ್ನು ಬೋರ್ಡಿನ ಒಳದಾರಿಗೆ ಕೊಟ್ಟು ರಿಲೇ ಬಿಟ್ಟುಕೊಳ್ಳುವುದನ್ನು ಕಣ್ಣಾರೆ ನೋಡಿ. ಪ್ಲಸ್, ಮೈನಸ್ ಅದಲುಬದಲು ಮಾಡಿಯೂ ನೋಡಬೇಕು.

ನನ್ನ ಆಂಪ್ಲಿಫೈಯರ್‌ನಲ್ಲಿ ಟ್ರಾನ್ಸಿಸ್ಟರ್ ಶಾರ್ಟ್ ಆಗಲು ಮೂಲ ಕಾರಣ ಬಯಾಸ್ (ಹಾಡಿಲ್ಲದಾಗಲೂ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಅಲ್ಪ ಕರೆಂಟ್) ಹೊಂದಿಸುವ ಪುಟ್ಟ ಟ್ರಿಮ್ಮರ್, ಅಂದರೆ ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್. ಹಳೆಯ, ತೆರೆದ ಮೈಯ ಟ್ರಿಮ್ಮರ್‌ಗಳಲ್ಲಿ ವರ್ಷಗಳ ಕಿಲುಬು ಕೂತು, ಒಳಗಿನ ನಾಲಿಗೆ ಸಂಪರ್ಕ ಕಳೆದುಕೊಳ್ಳುತ್ತದೆ. ಎಷ್ಟೋ ಸರ್ಕ್ಯೂಟ್‌ಗಳಲ್ಲಿ ಹಾಗಾದಾಗ ಬಯಾಸ್ ಒಮ್ಮೆಲೇ ಮಿತಿಮೀರಿ ಏರಿ, ಟ್ರಾನ್ಸಿಸ್ಟರ್ ಕಾದು ಹೋಗುತ್ತದೆ. ಹಾಗಾಗಿ ಕೆಪಾಸಿಟರ್ ಬದಲಿಸಿದ್ದೇವೆ ಎಂಬ ಮಾತು ಸಾಲದು, ಟ್ರಿಮ್ಮರ್ ಬದಲಿಸಿದ್ದೀರಾ ಎಂದೂ ಕೇಳಿ. ನಕಲಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಹಾವಳಿಯೂ ಇದೆ. ಎಂದೋ ನಿಂತುಹೋದ ಮಾದರಿಯ ಹೆಸರು ಹೊತ್ತು ಹೊಚ್ಚಹೊಸದಾಗಿ ಹೊಳೆಯುವುದನ್ನು ಕಂಡರೆ ನಂಬುವ ಮುನ್ನ ಎರಡು ಬಾರಿ ಯೋಚಿಸಿ.

ಹಲವು ವರ್ಷ ಮೂಲೆಯಲ್ಲಿದ್ದ ಆಂಪ್ಲಿಫೈಯರನ್ನು ಮೊದಲ ಬಾರಿ ಚಾಲೂ ಮಾಡುವಾಗ ಹಳೆಯ ಕಾಲದ, ತಂತಿ ಉರಿಯುವ 60 ಅಥವಾ 100 ವ್ಯಾಟ್ ಬಲ್ಬನ್ನು ಮೇನ್ಸ್‌ಗೆ ಸರಣಿಯಲ್ಲಿ ಸೇರಿಸಿ. ಸುರಕ್ಷಿತವಾಗಿ ತಂತಿ ಜೋಡಿಸಲು ಬಲ್ಲವರಿಂದ ಇದನ್ನು ಮಾಡಿಸಿ, ಎಲ್ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ. ಪ್ರಕಾಶಮಾನವಾಗಿಯೇ ಉರಿಯುತ್ತಿದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಿ. ತಗಡು ಬಿಚ್ಚುವಾಗ ಪ್ಲಗ್ ಕಿತ್ತಿರಲಿ. ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ, ಅಳೆದು ನೋಡಿಯೇ ಕೈಹಾಕಿ.

ಇನ್ನು ರಿಲೇ ‘ಟಿಕ್’ ಎನ್ನದೆ ಧ್ವನಿಯೇ ಬಾರದಿದ್ದರೆ ಆಂಪ್ಲಿಫೈಯರ್ ಒಳಗೆ ಡಿಸಿ ಇದೆ ಎಂಬುದನ್ನು ಅದು ಹೇಳುತ್ತಿರಬಹುದು. ಆಗ ರಿಲೇಯ ಹಿಂದೆ, ಆಂಪ್ಲಿಫೈಯರ್ ಕಡೆಯ ಬಿಂದುವಿನಲ್ಲಿ ಅಳೆಯಬೇಕು. ಟರ್ಮಿನಲ್‌ನಲ್ಲಿ ಅಳೆದರೆ ಸೊನ್ನೆಯೇ ಕಾಣುತ್ತದೆ. ಅಲ್ಲಿ ಡಿಸಿ ಇಲ್ಲದೆ, ಸಂಪರ್ಕಗಳಷ್ಟೇ ಕಪ್ಪಾಗಿ ಧ್ವನಿ ಕಡಿದುಹೋಗುತ್ತಿದ್ದರೆ ಉಪ್ಪುಕಾಗದದಿಂದ ಉಜ್ಜಲು ಬಿಡಬೇಡಿ, ಮೇಲಿನ ಲೇಪ ಹೋಗಿ ಇನ್ನೂ ಬೇಗ ಕೆಡುತ್ತದೆ. ಹೊಸ ರಿಲೇ ಹಾಕಿಸಿ. ತೆಗೆದ ಹಳೆಯ ರಿಲೇ ಕೈಗೆ ಕೊಡಿ ಎಂದು ರಿಪೇರಿ ಮಾಡಿದವರನ್ನು ಕೇಳಿ. ಬೋರ್ಡಿನ ತಳಭಾಗದ ಫೋಟೊವನ್ನೂ ಕೇಳಿ, ಕೊಡಲು ಹಿಂಜರಿದರೆ ಆ ಆಂಪ್ಲಿಫೈಯರ್ ಕೊಳ್ಳಬೇಡಿ.